ಗಣಿತಕ್ಕೆ ಬೇಕಾದದ್ದು ಬಣ್ಣವಲ್ಲ, ಮಾತು

ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಗಣಿತವೆಂದರೆ ಬೇಸರ; ಆದುದರಿಂದ ಅದನ್ನು ರಂಜಕವಾಗಿ ಮಾಡಬೇಕು ಎಂಬುದು ಶಿಕ್ಷಣದ ಸಭೆಗಳಲ್ಲೆಲ್ಲ ಕೇಳಿಬರುವ ಮಾತು. ಉಪಾಯಗಳೂ ಸಿದ್ಧವಾಗಿವೆ: ಗೋಡೆಗೆ ಬಣ್ಣದ ಚಿತ್ರ, ಪರದೆಯ ಮೇಲೆ ಕುಣಿಯುವ ಗೊಂಬೆ, ವರ್ಷಕ್ಕೊಂದು ಗಣಿತ ಮೇಳ. ಗುಳಿಗೆಗೆ ಬೆಲ್ಲ ಸವರುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. ಬೆಲ್ಲ ಸವರುವವನು ಗುಳಿಗೆ ಕಹಿಯೆಂದು ಮೊದಲೇ ಒಪ್ಪಿಕೊಂಡಂತಾಯಿತು.

ಕನ್ನಡ ಪಾಠ ಹೇಳುವವನಿಗೆ ಗಣಿತದ ಗೊಡವೆ ಏಕೆಂದು ಕೇಳುವವರುಂಟು. ರೋಗ ಭಾಷೆಯಲ್ಲಿಯೇ ಇರುವುದರಿಂದ ಈ ಗೊಡವೆ. ನಾಲ್ಕನೆಯ ತರಗತಿಯ ಹುಡುಗ ಭಾಗಾಕಾರ ಮಾಡಿ ಬಂದ ಉತ್ತರವನ್ನು ‘ಭಾಗಲಬ್ಧ’ ಎಂದು ಕಲಿಯುತ್ತಾನೆ. ಎಂಟನೆಯ ತರಗತಿಗೆ ಬಂದಾಗ ‘ಭಾಗಲಬ್ಧ ಸಂಖ್ಯೆ’ ಎಂಬ ಅಧ್ಯಾಯ ಎದುರಾಗುತ್ತದೆ. ಎರಡೂ ಒಂದೇ ಮಾತೆಂದು ಅವನಿಗೆ ಹೇಳುವವರಾರು? ಭಾಗಿಸಿದ್ದರಿಂದ ಲಭಿಸಿದ್ದು ಭಾಗಲಬ್ಧ. ಮೂರು ರೊಟ್ಟಿಯನ್ನು ನಾಲ್ವರಿಗೆ ಹಂಚಿದರೆ ದೊರೆಯುವ ಮುಕ್ಕಾಲೂ ಒಂದು ಸಂಖ್ಯೆಯೇ. ಇಷ್ಟು ಬಿಡಿಸಿ ಹೇಳಿದರೆ ಗೊಂಬೆ ಕುಣಿಯಬೇಕಾದ ಅಗತ್ಯವಿಲ್ಲ. ಹೇಳದಿದ್ದರೆ ಆ ಪದ ಮಂತ್ರವಾಗುತ್ತದೆ. ಅರ್ಥ ತಿಳಿಯದ ಮಂತ್ರವನ್ನು ಬಾಯಿಪಾಠ ಮಾಡುವುದಲ್ಲದೆ ಮಗುವಿಗೆ ಬೇರೆ ದಾರಿಯಿಲ್ಲ.

ಎರಡನೆಯ ರೋಗ, ಲೆಕ್ಕವು ಊರನ್ನು ಬಿಟ್ಟು ನಿಂತಿರುವುದು. ಗಜೇಂದ್ರಗಡದ ಕಡೆಯ ಮುಶಿಗೇರಿಯ ಹುಡುಗನೊಬ್ಬನ ಮನೆಯ ಟ್ರಂಕಿನಲ್ಲಿ ಹೊಲದ ಉತಾರ ಇದೆಯೆನ್ನಿ. ಅದರಲ್ಲಿ ವಿಸ್ತೀರ್ಣ 3.20 ಎಂದಿದೆ. ದಶಮಾಂಶ ಕಲಿತ ಹುಡುಗ ಅದನ್ನು ಮೂರು ಎಕರೆ, ಮತ್ತೆ ಹತ್ತರಲ್ಲಿ ಎರಡು ಪಾಲು ಎಂದು ಓದುತ್ತಾನೆ. ಶಾಲೆಯ ಮೆಟ್ಟಿಲು ಹತ್ತದ ತಂದೆಗೆ ಗೊತ್ತು: ಅದು ಮೂರು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಮೂರೂವರೆ. ಇಬ್ಬರ ಲೆಕ್ಕದ ನಡುವಿನ ಅಂತರ 12 ಗುಂಟೆ ಎರೆ ಭೂಮಿ! ರಸ್ತೆಗೋ ಗಾಳಿಯಂತ್ರಕ್ಕೋ ಹೊಲ ಹೋಗಿ, ಎಕರೆಯ ದರದಲ್ಲಿ ಪರಿಹಾರವನ್ನು ಗುಣಿಸುವ ದಿನ ಆ ಒಂದು ಚುಕ್ಕೆಯನ್ನು ತಪ್ಪಾಗಿ ಓದಿದರೆ ನಷ್ಟ ಯಾರದು? ಈ ಪ್ರಶ್ನೆಯನ್ನು ತರಗತಿಯಲ್ಲಿ ಇಟ್ಟು ನೋಡಿ. ಆಕಳಿಸುವ ಹುಡುಗ ಒಬ್ಬನೂ ಇರಲಾರ.

ಹಳ್ಳಿಯ ಲೆಕ್ಕ ಕಲಿಸಿ ಮಕ್ಕಳನ್ನು ಹಳ್ಳಿಯಲ್ಲಿಯೇ ಕೂಡಿಹಾಕುತ್ತೀರಾ ಎಂದು ಪಟ್ಟಣದ ತಂದೆತಾಯಿಗಳು ಆಕ್ಷೇಪಿಸಬಹುದು. ಹಾಗಲ್ಲ. ಎಕರೆಗೆ ‘ಅ’, ಗುಂಟೆಗೆ ‘ಗ’ ಎಂದು ಅಕ್ಷರವಿಟ್ಟು, ಒಟ್ಟು ಗುಂಟೆ 40ಅ + ಗ ಎಂದು ಬರೆದ ಒಡನೆಯೇ ಹುಡುಗ ಬೀಜಗಣಿತಕ್ಕೆ ಕಾಲಿಟ್ಟನು. 33 ಅಡಿ ಹಗ್ಗದಿಂದ ಶಾಲೆಯ ಬಯಲಿನಲ್ಲಿ ಚೌಕ ಎಳೆದು, 1089 ಚದರ ಅಡಿಯ ಗುಂಟೆಯೊಳಗೆ ನಿಂತವನಿಗೆ ಕ್ಷೇತ್ರಫಲದ ಸೂತ್ರ ಪರಕೀಯವಲ್ಲ. ಸಮಮಿತಿಯ ಪಾಠಕ್ಕೆ ಸೂಡಿಯ ನಾಗಕುಂಡದ ಮೆಟ್ಟಿಲುಗಳಿಗಿಂತ ಒಳ್ಳೆಯ ಚಿತ್ರಪಟ ಯಾವುದು?

ಇದು ಹೊಸ ಮಾತೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಹರಿದ ಮುತ್ತಿನ ಹಾರವನ್ನೂ ದುಂಬಿಗಳನ್ನೂ ಲೆಕ್ಕಕ್ಕೆ ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಬರೆದ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ವ್ಯವಹಾರವನ್ನು ಬಿಟ್ಟರೆ ಗಣಿತ ಉನ್ನತವಾಗುತ್ತದೆಂಬ ಭ್ರಮೆ ಆ ಹಿರಿಯರಿಗಿರಲಿಲ್ಲ.

ಸಲಕರಣೆಗಳೇ ಬೇಡವೆಂದಲ್ಲ. ಅಕ್ಷರ ಫೌಂಡೇಶನ್ ಸರ್ಕಾರದೊಡನೆ ನಡೆಸಿದ ಗಣಿತ ಕಲಿಕಾ ಆಂದೋಲನವು ನಾಲ್ಕು, ಐದನೆಯ ತರಗತಿಗಳಿಗೆ ಕೈಯಲ್ಲಿ ಹಿಡಿದು ಕಲಿಯುವ ಸಾಮಗ್ರಿಯನ್ನು ಕೊಟ್ಟಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಅಕ್ಷರಗಳು ಅಂಕಿಗಳ ಜಾಗಕ್ಕೆ ಬರುವ ವಯಸ್ಸಿನಲ್ಲಿ ಮಣಿಯೊಂದೇ ಸಾಲದು, ಮಾತು ಬೇಕು. ಪಠ್ಯ ಮುಗಿಸುವ ಅವಸರದಲ್ಲಿರುವ ಉಪಾಧ್ಯಾಯರನ್ನು ದೂರಿ ಫಲವಿಲ್ಲ. ಅವರಿಗೆ ವಾರಕ್ಕೊಂದು ಅವಧಿಯನ್ನು ಬಿಟ್ಟುಕೊಡಿ; ಊರಿನ ಲೆಕ್ಕದ ಒಂದು ಪ್ರಶ್ನೆಗೆ ಪರೀಕ್ಷೆಯಲ್ಲಿಯೂ ಅಂಕವಿಡಿ; ಪ್ರತಿ ಪಾರಿಭಾಷಿಕ ಪದದ ಪಕ್ಕದಲ್ಲಿ ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿ. ಇದಕ್ಕೆ ತಗಲುವ ಖರ್ಚು ಗೋಡೆಗೆ ಬಳಿಯುವ ಬಣ್ಣದ ಖರ್ಚಿಗಿಂತ ಹೆಚ್ಚಾಗಲಾರದು. ಇಷ್ಟಾದರೆ ಮುಶಿಗೇರಿಯ ಆ ಹುಡುಗ ತನ್ನ ತಂದೆಯ ಉತಾರವನ್ನು ತಪ್ಪಿಲ್ಲದೆ ಓದಿಯಾನು.