ಕಪ್ಪು ಐದು

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಗೆ ಕಳೆದ ತಿಂಗಳು ಎಂಬತ್ತು ವರ್ಷ ತುಂಬಿತು. ಆ ಸಂಭ್ರಮಕ್ಕೆ ಹದಿನೈದು ದಿನ ಮುಂಚೆ ಅವರ ಮೊಮ್ಮಗಳು ನಮ್ಮ ಮನೆಗೆ ಬಂದಳು. ಮುಖ ಬಾಡಿತ್ತು.

“ಮಾವ, ಅಜ್ಜಿಗೆ ಅರುಳುಮರುಳು ಹಿಡಿಯುತ್ತಿದೆಯೋ ಏನೋ ಎಂದು ಅಪ್ಪ ಹೇಳುತ್ತಿದ್ದಾರೆ. ನನಗೆ ಭಯವಾಗುತ್ತಿದೆ.”

ಸಂಗತಿ ಇಷ್ಟೆ. ಅವಳ ತಾತ ಬಹುಕಾಲ ಬ್ಯಾಂಡೊಂದರಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದವರು. ಮದುವೆಯಾದ ವರ್ಷ ಹೆಂಡತಿಗಾಗಿ ಒಂದು ಪುಟ್ಟ ರಚನೆಯನ್ನು ಮಾಡಿ, ಪಾಶ್ಚಾತ್ಯರ ಐದು ಗೆರೆಯ ಲಿಪಿಯಲ್ಲಿ ಬರೆದಿಟ್ಟಿದ್ದರು. ಅವರು ಕಾಲವಾದ ಮೇಲೆ ಆ ಪುಸ್ತಕ ಪೆಟ್ಟಿಗೆಯ ತಳದಲ್ಲಿ ಮಲಗಿತ್ತು. ಹುಡುಗಿ ಪಿಟೀಲು ಕಲಿತವಳು. ಅಜ್ಜಿಗೆ ಗೊತ್ತಾಗದಂತೆ ಆ ಹಾಳೆಗಳನ್ನು ಕಂಪ್ಯೂಟರಿನ ಸಂಗೀತಲಿಪಿಯ ತಂತ್ರಾಂಶಕ್ಕೆ ಏರಿಸಿ, ಹುಟ್ಟುಹಬ್ಬದ ದಿನ ಗೆಳೆಯರೊಡನೆ ನುಡಿಸಬೇಕೆಂದು ಅವಳ ಹಂಚಿಕೆ. ಆದರೆ ತಂತ್ರಾಂಶ ನುಡಿಸಿದ ರಚನೆ ಒಳಕೋಣೆಯಲ್ಲಿದ್ದ ಅಜ್ಜಿಯ ಕಿವಿಗೆ ಬಿದ್ದೇಬಿಟ್ಟಿತು.

ಅಜ್ಜಿ ಹೊರಗೆ ಬಂದು, “ಹಾಡು ಅದೇ, ಶ್ರುತಿ ಅದಲ್ಲ. ಅವರು ಸಾಧನೆ ಮಾಡುವಾಗ ಹಾರ್ಮೋನಿಯಮ್ಮಿನಲ್ಲಿ ಶ್ರುತಿ ಹಿಡಿಯುತ್ತಿದ್ದವಳು ನಾನು. ನನ್ನ ಬೆರಳು ಕಪ್ಪು ಐದರ ಮೇಲೆ ಇರುತ್ತಿತ್ತು. ಇದು ಬಿಳಿ ಒಂದಕ್ಕೆ ನಿಲ್ಲುತ್ತಿದೆ” ಎಂದರಂತೆ. ಹುಡುಗಿ ಪುಸ್ತಕ ತೆಗೆದು ನೋಡಿದಳು. ರಚನೆ ಮುಗಿಯುವ ಸ್ವರ ಸ್ಪಷ್ಟವಾಗಿ ‘ಸಿ’. ಹಾರ್ಮೋನಿಯಮ್ಮಿನ ಬಿಳಿ ಒಂದು. ತಾತ ಬರೆದ ಅಕ್ಷರ ಕಣ್ಣೆದುರಿಗಿದೆ. ಹಾಗಾದರೆ ತಪ್ಪಿರುವುದು ಅಜ್ಜಿಯ ನೆನಪೇ ಅಲ್ಲವೆ?

“ಇನ್ನೊಂದು ವಿಚಿತ್ರ, ಮಾವ. ಇದೇ ರಚನೆಗೆ ತಾತ ಯೂಫೋನಿಯಮ್ಮಿನ ಗೆಳೆಯರಿಗಾಗಿ ಕೆಳಗಿನ ಸ್ವರಗಳ ಭಾಗವನ್ನೂ ಬರೆದಿದ್ದಾರೆ. ಕ್ಲಾರಿಯೋನೆಟ್ಟಿನ ಹಾಳೆಯ ಆರಂಭದಲ್ಲಿ ಯಾವ ಗುರುತೂ ಇಲ್ಲ. ಯೂಫೋನಿಯಮ್ಮಿನ ಹಾಳೆಯಲ್ಲಿ ಎರಡು ಫ್ಲ್ಯಾಟ್ ಗುರುತುಗಳಿವೆ. ಕೈತಪ್ಪಿನಿಂದ ಬರೆದಿರಬೇಕೆಂದು ನಾನು ಬಿಟ್ಟುಬಿಟ್ಟೆ.”

ನನಗೆ ನಗು ಬಂತು. ಒಂದೇ ಮಧ್ಯಾಹ್ನದಲ್ಲಿ ಅಜ್ಜಿಯ ಕಿವಿಯನ್ನೂ ತಾತನ ಕೈಯನ್ನೂ ಅಪರಾಧಿಸ್ಥಾನದಲ್ಲಿ ನಿಲ್ಲಿಸಿದ್ದಳು ಹುಡುಗಿ! ವಾಸ್ತವವಾಗಿ ಇಬ್ಬರೂ ನಿರಪರಾಧಿಗಳು.

ವಾಚಕರಲ್ಲಿ ಅನೇಕರಿಗೆ ಈ ರಹಸ್ಯ ಹೊಸದಾಗಿರಬಹುದು. ಪಿಟೀಲು, ಪಿಯಾನೊ ವಾದ್ಯಗಳಲ್ಲಿ ಬರೆದ ಸ್ವರವೂ ಕೇಳುವ ಸ್ವರವೂ ಒಂದೇ. ಸಾಮಾನ್ಯವಾಗಿ ಬಳಕೆಯಲ್ಲಿರುವ ‘ಬಿ ಫ್ಲ್ಯಾಟ್’ ಕ್ಲಾರಿಯೋನೆಟ್ಟಿನ ನಡವಳಿಕೆಯೇ ಬೇರೆ. ಹಾಳೆಯಲ್ಲಿ ‘ಸಿ’ ಕಂಡು ವಾದಕನು ಊದಿದರೆ, ಹೊರಡುವುದು ಅದಕ್ಕಿಂತ ಎರಡು ಅರ್ಧಸ್ವರ ಕೆಳಗಿನ ‘ಬಿ ಫ್ಲ್ಯಾಟ್’. ಹಾರ್ಮೋನಿಯಮ್ಮಿನ ಮನೆಗಳಲ್ಲಿ ಅದೇ ಕಪ್ಪು ಐದು! ಯೂಫೋನಿಯಮ್ಮಿನ ಹಾಳೆಯನ್ನಾದರೋ ಕೇಳುವ ಸ್ವರದಲ್ಲಿಯೇ ಬರೆದಿತ್ತು. ಬಿ ಫ್ಲ್ಯಾಟ್ ಮೇಳಕ್ಕೆ ಎರಡು ಫ್ಲ್ಯಾಟುಗಳು ಬೇಕೇ ಬೇಕು. ಎರಡು ಹಾಳೆಗಳೂ ಒಂದೇ ನಾದವನ್ನು ಎರಡು ಬಗೆಯಾಗಿ ಹೇಳುತ್ತಿದ್ದುವು.

ಇಂತಹ ಗೊಂದಲವನ್ನು ಏಕೆ ಇಟ್ಟುಕೊಂಡಿದ್ದಾರೆಂದು ನೀವು ಕೇಳಬಹುದು. ಅದು ವಾದಕನ ಅನುಕೂಲಕ್ಕಾಗಿ. ಒಂದೇ ಕುಲದ ವಾದ್ಯಗಳು ಚಿಕ್ಕವು ದೊಡ್ಡವು ಹಲವಿರುತ್ತವೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ೧೮೪೬ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನ್ ಕುಟುಂಬವನ್ನೇ ನೋಡಿ. ಆಲ್ಟೊ ಬಿಟ್ಟು ಟೆನರ್ ಹಿಡಿದವನು ಬೆರಳ ಅಭ್ಯಾಸವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಬರೆದ ಸ್ವರಕ್ಕೆ ಬೆರಳು ಅದೇ, ಶ್ರುತಿ ಮಾತ್ರ ವಾದ್ಯದ್ದು. ನಮ್ಮ ಗಾಯಕರ ಷಡ್ಜದಂತೆಯೇ ಇದು. ‘ಸ’ ಎಂದು ಬರೆದುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ ಹಾಡುವುದಿಲ್ಲವೆ?

ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತೆವು. ಅವಳು ಬಳಸುತ್ತಿದ್ದುದು ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ‘ಕನ್ಸರ್ಟ್ ಪಿಚ್’ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದ್ದರೆ ತೆರೆಯ ಮೇಲೆ ಕಾಣುವುದು ಕೇಳುವ ಸ್ವರ. ಒತ್ತದಿದ್ದರೆ ಕಾಣುವುದು ವಾದಕ ಓದುವ ಸ್ವರ. ಅವಳು ಕ್ಲಾರಿಯೋನೆಟ್ಟನ್ನೇನೋ ಸರಿಯಾಗಿ ಆರಿಸಿದ್ದಳು. ಆದರೆ ಗುಂಡಿಯನ್ನು ಒತ್ತಿಟ್ಟೇ ತಾತನ ಹಾಳೆಯನ್ನು ನಕಲುಮಾಡಿದ್ದಳು. ‘ಸಿ ಕೇಳಬೇಕು’ ಎಂದು ಯಂತ್ರ ತಿಳಿಯಿತು. ‘ಸಿ ಎಂದು ಓದಬೇಕು’ ಎಂದು ತಾತ ಬರೆದಿದ್ದರು.

ಪರಿಹಾರ ಸುಲಭವಾಗಿತ್ತು. ಆ ಭಾಗವನ್ನೆಲ್ಲ ಆರಿಸಿ, ಮೇಳದ ಗುರುತೂ ಸೇರಿದಂತೆ ಎರಡು ಅರ್ಧಸ್ವರ ಕೆಳಗಿಳಿಸಿದೆವು. ತೆರೆಯ ಮೇಲೆ ಎರಡು ಫ್ಲ್ಯಾಟುಗಳು ಮೂಡಿದುವು. ಬಳಿಕ ಗುಂಡಿಯನ್ನು ಬಿಟ್ಟೆವು. ಫ್ಲ್ಯಾಟುಗಳು ಮಾಯವಾಗಿ, ಅಕ್ಷರಶಃ ತಾತನ ಹಾಳೆಯೇ ಎದುರಿಗೆ ನಿಂತಿತು! ಹುಡುಗಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಎರಡನೆಯ ಭಾಗ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಲ್ಲಿದ್ದುದು ಕ್ಲೆಫಿನ ತೊಡಕು. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಗೀದೊ ಎಂಬ ಸನ್ಯಾಸಿ, ಯಾವ ಗೆರೆ ಯಾವ ಸ್ವರವೆಂದು ತಿಳಿಯಲು ಗೆರೆಯ ಆದಿಯಲ್ಲಿ ಅಕ್ಷರವನ್ನು ಬರೆಯುವ ಪದ್ಧತಿಯನ್ನು ಬೆಳೆಸಿದನು. ಅಂತಹ ಅಕ್ಷರಗಳೇ ಕಾಲಕ್ರಮದಲ್ಲಿ ಸುರುಳಿ ಸುತ್ತಿಕೊಂಡು ಇಂದಿನ ಕ್ಲೆಫ್‌ಗಳಾಗಿವೆ. ಟ್ರೆಬಲ್ ಕ್ಲೆಫಿನ ಸುರುಳಿ ಕೆಳಗಿನಿಂದ ಎರಡನೆಯ ಗೆರೆಯನ್ನು ‘ಜಿ’ ಎನ್ನುತ್ತದೆ; ಬಾಸ್ ಕ್ಲೆಫಿನ ಎರಡು ಚುಕ್ಕೆಗಳು ನಾಲ್ಕನೆಯ ಗೆರೆಯನ್ನು ‘ಎಫ್’ ಎನ್ನುತ್ತವೆ. ವಯೋಲ ವಾದ್ಯದ ಆಲ್ಟೊ ಕ್ಲೆಫ್ ನಡುಗೆರೆಯನ್ನೇ ‘ಸಿ’ ಮಾಡುತ್ತದೆ. ಕ್ಲೆಫ್ ಇಲ್ಲದ ಐದು ಗೆರೆ, ಊರಿನ ಹೆಸರಿಲ್ಲದ ವಿಳಾಸದಂತೆ.

ತಾತನ ಎರಡನೆಯ ಹಾಳೆಯ ಅಂಚನ್ನು ಗೆದ್ದಲು ತಿಂದಿತ್ತು. ಬಾಸ್ ಕ್ಲೆಫ್ ಕಾಣದೆ ಹುಡುಗಿ ಟ್ರೆಬಲ್ ಎಂದೇ ನಕಲುಮಾಡಿದ್ದಳು. ಬಳಿಕ ಸಂದೇಹ ಬಂದು ಕ್ಲೆಫನ್ನು ಬದಲಿಸಿದಾಗ ಸ್ವರಗಳೆಲ್ಲ ಗೆರೆಗಳನ್ನು ಬಿಟ್ಟು ಬಹಳ ಮೇಲಕ್ಕೆ ಹಾರಿದ್ದುವು. ಅಪಸ್ವರ ಮಾತ್ರ ಹಾಗೆಯೇ ಉಳಿದಿತ್ತು. ಯಂತ್ರದ ದೃಷ್ಟಿಯಿಂದ ಅದು ನ್ಯಾಯವೇ. ಅದು ನಾದವನ್ನು ಕಾಯುತ್ತದೆ, ಸ್ಥಾನವನ್ನಲ್ಲ. ಕ್ಲೆಫ್ ಬದಲಾದರೆ ಅದೇ ನಾದವನ್ನು ಹೊಸ ಸ್ಥಾನದಲ್ಲಿ ಬರೆದು ತೋರಿಸುತ್ತದೆ. ತಪ್ಪು ಕ್ಲೆಫಿನಲ್ಲಿ ಹೊಕ್ಕ ಸ್ವರವನ್ನು ಕ್ಲೆಫ್ ಬದಲಿಸಿ ತಿದ್ದಲಾಗದು. ಆದ್ದರಿಂದ ಹಳೆಯದನ್ನು ಅಳಿಸಿ, ಮೊದಲು ಬಾಸ್ ಕ್ಲೆಫ್, ಆಮೇಲೆ ಎರಡು ಫ್ಲ್ಯಾಟ್, ಕೊನೆಗೆ ಸ್ವರಗಳು, ಈ ಕ್ರಮದಲ್ಲಿ ಮತ್ತೆ ಬರೆದೆವು. ರಾತ್ರಿ ಹತ್ತು ಗಂಟೆಯಾಯಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಕ್ಲಾರಿಯೋನೆಟ್ ನುಡಿಸುವವರು ಯಾರೂ ಸಿಗಲಿಲ್ಲ. ಎದುರು ಮನೆಯ ಹುಡುಗನೊಬ್ಬ ಆಲ್ಟೊ ಸ್ಯಾಕ್ಸೊಫೋನ್ ಕಲಿಯುತ್ತಿದ್ದಾನೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರ (೧೯೪೯–೨೦೧೯) ಅಭಿಮಾನಿ ಅವನು. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ‘ಸಿ’ ಬರೆದರೆ ಒಂಬತ್ತು ಅರ್ಧಸ್ವರ ಕೆಳಗಿನ ‘ಇ ಫ್ಲ್ಯಾಟ್’ ಕೇಳುತ್ತದೆ. ತಂತ್ರಾಂಶದಲ್ಲಿ ವಾದ್ಯದ ಹೆಸರನ್ನು ಬದಲಿಸಿದ ಕೂಡಲೆ ಹಾಳೆ ತಾನಾಗಿ ‘ಜಿ’ ಮೇಳಕ್ಕೆ ತಿರುಗಿ, ಒಂದು ಶಾರ್ಪ್ ಗುರುತನ್ನು ಧರಿಸಿತು. ಪಿಟೀಲಿನ ಹಾಳೆಗೆ ಎರಡು ಫ್ಲ್ಯಾಟ್, ಸ್ಯಾಕ್ಸೊಫೋನಿನ ಹಾಳೆಗೆ ಒಂದು ಶಾರ್ಪ್. ಕೇಳುವ ಶ್ರುತಿ ಒಂದೇ. ಯೂಫೋನಿಯಮ್ಮಿನ ಭಾಗವನ್ನು ಗೆಳತಿಯೊಬ್ಬಳು ಕೀಬೋರ್ಡಿನಲ್ಲಿ ಎಡಗೈಯಿಂದ ನುಡಿಸಲು ಒಪ್ಪಿದಳು.

ಹುಟ್ಟುಹಬ್ಬದ ಸಂಜೆ ನಾನೂ ಹೋಗಿದ್ದೆ. ಹುಡುಗಿ ಮೊದಲು ಮಾಡಿದ ಕೆಲಸವೆಂದರೆ, ಹಳೆಯ ಹಾರ್ಮೋನಿಯಮ್ಮನ್ನು ಧೂಳು ಒರೆಸಿ ತಂದು ಅಜ್ಜಿಯ ಮುಂದಿಟ್ಟದ್ದು.

“ಅಜ್ಜಿ, ಶ್ರುತಿ ಹಿಡಿಯಿರಿ.”

ಅಜ್ಜಿ ಮೊಮ್ಮಗಳ ಮುಖವನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ, ತಡವರಿಸದೆ ಕಪ್ಪು ಐದನ್ನು ಒತ್ತಿದರು. ಮಕ್ಕಳು ನುಡಿಸಿದರು. ಸ್ಯಾಕ್ಸೊಫೋನಿನ ಹುಡುಗ ಎರಡು ಕಡೆ ತಪ್ಪಿದನು. ಪಿಟೀಲು ಒಮ್ಮೆ ಓಡಿತು. ಆದರೆ ಕೊನೆಯ ಸ್ವರ ಅಜ್ಜಿಯ ಬೆರಳಿನ ಕೆಳಗಿದ್ದ ಸ್ವರದೊಡನೆ ಹಾಲಿನಲ್ಲಿ ಸಕ್ಕರೆ ಕರಗಿದಂತೆ ಸೇರಿಹೋಯಿತು.

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಹುಡುಗಿಯ ತಂದೆ ಮೆಲ್ಲನೆ ಎದ್ದು ಬಂದು ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. “ಅಮ್ಮಾ, ನೀನು ಹೇಳಿದ್ದೇ ಸರಿ” ಎಂದರು.

“ಅದಿರಲಿ ಕಣೋ, ಇನ್ನೊಂದು ಸಲ ನುಡಿಸಲು ಹೇಳು” ಎಂದರು ಅಜ್ಜಿ. ಬೆರಳನ್ನು ಇನ್ನೂ ತೆಗೆದಿರಲಿಲ್ಲ.

ಮನೆಯ ಹಿರಿಯರು ನಾವು ಓದಿದ ಹಾಳೆಗೆ ಒಪ್ಪದ ಮಾತೊಂದನ್ನು ಹೇಳಿದಾಗ, ಅವರ ನೆನಪನ್ನು ಶಂಕಿಸುವ ಮುನ್ನ ನಮ್ಮ ಗುಂಡಿ ಯಾವ ಕಡೆಗಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಲೇಸು.