ಮೂಳೆ ಮುರಿದವರಿಗೆ ಜ್ವರವೇಕೆ?

“ಅಜ್ಜಿಯನ್ನು ಸೇರಿಸಿದ್ದು ಸೊಂಟದ ಮೂಳೆ ಮುರಿದದ್ದಕ್ಕೆ. ಆಪರೇಷನ್ ಚೆನ್ನಾಗಿಯೇ ಆಯಿತು. ಹತ್ತನೆಯ ದಿನ ಚಳಿಜ್ವರ ಹಿಡಿಯಿತು. ಎರಡು ಆಂಟಿಬಯೋಟಿಕ್ ಕೊಟ್ಟರೂ ಜಗ್ಗುತ್ತಿಲ್ಲ. ಆಸ್ಪತ್ರೆಯಲ್ಲೇ ಇದ್ದವರಿಗೆ ಹೀಗೇಕೆ, ಅಂಕಲ್?” ಪಿಯುಸಿ ಓದುವ ಪಕ್ಕದ ಮನೆಯ ಹುಡುಗ ಕೇಳಿದ.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಎಲ್ಲ ರೋಗಿಗಳನ್ನೂ ಒಂದೇ ಸಮನೆ ಹಿಡಿಯುವುದಿಲ್ಲ. ಬಹಳ ದಿನ ಆಸ್ಪತ್ರೆಯಲ್ಲಿರುವವರು, ತೀವ್ರ ನಿಗಾ ಘಟಕದಲ್ಲಿರುವವರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬೇಗ ಸಿಕ್ಕಿಬೀಳುತ್ತಾರೆ. ಇವನ್ನೆಲ್ಲ ನಾವು ಬದಲಿಸಲಾರೆವು. ಇನ್ನೆರಡು ಕಾರಣಗಳಿವೆ, ಅಲ್ಲಿ ಮನೆಯವರಿಗೂ ಕೆಲಸವಿದೆ.

ಒಂದು, ನಳಿಕೆ. ಎದ್ದು ಓಡಾಡಲಾರದವರಿಗೆ ಮೂತ್ರ ಹೋಗಲು ಕ್ಯಾಥೆಟರ್ ಹಾಕುತ್ತಾರಲ್ಲ, ಅದರ ಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡು, ಬಾವಿಯ ಕಲ್ಲಿಗೆ ಪಾಚಿ ಕಟ್ಟಿದಂತೆ ಲೋಳೆಯ ಪದರ ಕಟ್ಟುತ್ತವೆ. ಆ ಲೋಳೆಯೊಳಗೆ ಅಡಗಿದವನ್ನು ಔಷಧ ಕೊಲ್ಲುವುದು ಕಷ್ಟ. ನಳಿಕೆ ಇರುವ ಪ್ರತಿ ದಿನಕ್ಕೂ ನೂರು ರೋಗಿಗಳಲ್ಲಿ 3ರಿಂದ 7 ಮಂದಿಯ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ. ಸೇರಿದ ಮಾತ್ರಕ್ಕೆ ಕಾಯಿಲೆಯಲ್ಲ, ಆದರೆ ಕಾಯಿಲೆ ಬರುವ ದಾರಿ ಅದೇ. ಉಸಿರಾಟದ ಯಂತ್ರದ ಕೊಳವೆಯ ಕಥೆಯೂ ಇದೇ. “ನಳಿಕೆ ಇನ್ನೂ ಬೇಕೇ, ಡಾಕ್ಟ್ರೇ?” ಎಂದು ದಿನಾ ಕೇಳಿ. ಸಿಡುಕಿದರೆ ಸಿಡುಕಲಿ. ನೀವಾಗಿ ಮಾತ್ರ ಕೀಳಬೇಡಿ.

ಇನ್ನೊಂದು, ಹಿಂದೆ ನುಂಗಿದ ಮಾತ್ರೆ. ನಮ್ಮ ಕರುಳಿನಲ್ಲಿರುವ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳ ನಡುವೆ ಔಷಧ ತಡೆಯಬಲ್ಲವು ಕೆಲವೇ ಕೆಲವು ಇರಬಹುದು. ನೆಗಡಿಗೆಂದು ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿದರೆ ನೆಗಡಿಯ ವೈರಸ್‌ಗೆ ಏನೂ ಆಗದು; ಸಾಯುವುದು ಕರುಳಿನ ಸಾಧು ಬ್ಯಾಕ್ಟೀರಿಯಾ. ಉಳಿದ ಗಟ್ಟಿಗರಿಗೆ ಜಾಗ ಖಾಲಿ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ: ಆ ವೇಗದಲ್ಲಿ ಒಂದು, ಹತ್ತು ಗಂಟೆಯಲ್ಲಿ ನೂರು ಕೋಟಿ ದಾಟುತ್ತದೆ. ಪಠ್ಯದಲ್ಲಿ ಓದುವ ನಿಸರ್ಗದ ಆಯ್ಕೆ ಇದೇ. ಮೆತಿಸಿಲಿನ್ ಎಂಬ ಔಷಧ ಬಳಕೆಗೆ ಬಂದು ಒಂದೆರಡು ವರ್ಷಕ್ಕೇ, 1961ರಲ್ಲಿ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇಂಗ್ಲೆಂಡಿನಿಂದ ವರದಿಯಾಯಿತು.

ಅದಕ್ಕೇ ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿರಿ, ಬೇರೆ ಆಸ್ಪತ್ರೆಯಲ್ಲಿದ್ದಿರಾ ಎಂದು ವೈದ್ಯರು ಕೇಳುವುದು. ಬೈಸಿಕೊಳ್ಳುವ ಭಯಕ್ಕೆ ನಮ್ಮವರು “ಏನೂ ಇಲ್ಲ” ಎಂದುಬಿಡುತ್ತಾರೆ. ಹುಡುಗನನ್ನೂ ಇದನ್ನೇ ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, ಬೀಳುವ ಮೊದಲು ಅಜ್ಜಿಗೆ ಕೆಮ್ಮಿದ್ದಾಗ ಅಮ್ಮ ಮನೆಯಲ್ಲಿ ಉಳಿದಿದ್ದ ಮಾತ್ರೆ ಕೊಟ್ಟಿದ್ದರು, ಎರಡು ಸಲ, ಎಂದ. ವೈದ್ಯರಿಗೆ ಹೇಳಿರಲಿಲ್ಲವಂತೆ.

ಆ ಮಾತ್ರೆಯ ಖಾಲಿ ಹಾಳೆ ಸಿಕ್ಕರೆ ವಾರ್ಡಿಗೆ ಒಯ್ದು ತೋರಿಸು ಎಂದೆ. ಯಾವ ಔಷಧ ಕೆಲಸ ಮಾಡೀತೆಂದು ಹೇಳುವ ಕಲ್ಚರ್ ಪರೀಕ್ಷೆಯ ವರದಿಗೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಅಂದಾಜಿನಲ್ಲೇ ಔಷಧ ಆರಿಸಬೇಕು. ಹುಡುಗ ಸಂಜೆಯೇ ಹೋಗಿ ತೋರಿಸಿ ಬಂದ. ಅಮ್ಮನಿಗೆ ಹೇಳಿ ಹೋದನೋ ಇಲ್ಲವೋ ನಾನು ಕೇಳಲಿಲ್ಲ.