ವೀಸಾಕ್ಕೆ ತೋರಿಸಿದ ದುಡ್ಡು ಮಕ್ಕಳ ಕೈಗೆ ಸಿಗುತ್ತದೆಯೇ?

ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ಮೊದಲ ವರ್ಷದ ಬಾಕಿ ಶುಲ್ಕದ ಜೊತೆಗೆ ಒಂಬತ್ತು ತಿಂಗಳ ಜೀವನವೆಚ್ಚವನ್ನೂ ಬ್ಯಾಂಕಿನಲ್ಲಿ ತೋರಿಸಬೇಕು. 2025ರ ನವೆಂಬರ್‌ನಿಂದ ಈ ಮೊತ್ತ ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಉಳಿದ ಕಡೆ 1,171 ಪೌಂಡ್. ಲಂಡನ್ನಿನಲ್ಲಿ ಓದುವವರಿಗೆ ಒಟ್ಟು 13,761 ಪೌಂಡ್. ನಮ್ಮ ಲೆಕ್ಕದಲ್ಲಿ ಹದಿನೈದು ಲಕ್ಷ ರೂಪಾಯಿಗೂ ಹೆಚ್ಚು. ಅದು ವಿದ್ಯಾರ್ಥಿಯ ಅಥವಾ ತಂದೆತಾಯಿಯ ಖಾತೆಯಲ್ಲಿ ಸತತ 28 ದಿನ ಇರಬೇಕು. ವೀಸಾ ಕೈಗೆ ಬಂದ ಮೇಲೆ ಆ ಹಣ ವಿದ್ಯಾರ್ಥಿಯ ಊಟಕ್ಕೆ, ಬಾಡಿಗೆಗೆ ಸಿಗುವಂತೆ ನೋಡಿಕೊಳ್ಳುವ ಏರ್ಪಾಡು ಮಾತ್ರ ಯಾವುದೂ ಇಲ್ಲ.

‘ದುಡ್ಡು ತೋರಿಸಿಕೊಡುವ’ ದಂಧೆ ಹುಟ್ಟಿದ್ದು ಈ ಸಂದಿನಲ್ಲೇ. ನೆಂಟರಿಂದ ಕೈಗಡ ತಂದು, ಚೀಟಿ ಎತ್ತಿ, ಅದೂ ಸಾಲದಿದ್ದರೆ ತಿಂಗಳ ಬಡ್ಡಿಗೆ ತಂದು ಖಾತೆ ತುಂಬಿಸುತ್ತಾರೆ. ಅವಧಿ ಮುಗಿದ ಕೂಡಲೇ ಹಣ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ದಾಖಲೆ ಸುಳ್ಳೆಂದು ಸಾಬೀತಾದರೆ ಹತ್ತು ವರ್ಷ ಬ್ರಿಟನ್ನಿಗೆ ಕಾಲಿಡುವಂತಿಲ್ಲ. ಸಿಕ್ಕಿಬೀಳದವರ ಪಾಡೂ ಹೇಳಿಕೊಳ್ಳುವಂಥದ್ದಲ್ಲ. ಕೋರ್ಸ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಖಾತೆಯಲ್ಲಿ ಕಾಸಿಲ್ಲ. ಸರ್ಕಾರದ ಕಡತದಲ್ಲಿ ಅನುಕೂಲಸ್ಥನಾಗಿರುವ ಹುಡುಗ ಅಲ್ಲಿ ಮೊದಲ ತಿಂಗಳ ಬಾಡಿಗೆಗೇ ತಡಕಾಡುತ್ತಾನೆ. ವಿದ್ಯಾರ್ಥಿಯನ್ನು ಕಾಪಾಡಲೆಂದು ಇರುವ ನಿಯಮ ಕೊನೆಗೆ ಕಾಪಾಡುವುದು ವೀಸಾ ಅಧಿಕಾರಿಯ ಕಡತವನ್ನು ಮಾತ್ರ.

ಜರ್ಮನಿ ಹಿಡಿದಿರುವ ದಾರಿ ಬೇರೆ. ಅಲ್ಲಿಗೆ ಹೊರಟವರು ಸಾಮಾನ್ಯವಾಗಿ ವೀಸಾಕ್ಕೆ ಮೊದಲೇ ತಮ್ಮದೇ ಹೆಸರಿನಲ್ಲಿ ‘ಬ್ಲಾಕ್ಡ್ ಅಕೌಂಟ್’ ತೆರೆದು ಒಂದು ವರ್ಷಕ್ಕೆ 11,904 ಯೂರೋ ಇಡುತ್ತಾರೆ. ಅಲ್ಲಿ ತಲುಪಿ ಸಾಮಾನ್ಯ ಖಾತೆ ತೆರೆದ ಮೇಲೆ ಅದೇ ಹಣ ತಿಂಗಳಿಗೆ 992 ಯೂರೋದಂತೆ ಬರುತ್ತದೆ. ಸಾಲ ಕೊಟ್ಟವರಾಗಲಿ ಏಜೆಂಟರಾಗಲಿ ನಡುವೆ ಅದನ್ನು ವಾಪಸ್ ಎಳೆದುಕೊಳ್ಳುವಂತಿಲ್ಲ. ವೀಸಾ ಸಿಗದಿದ್ದರೆ ಠೇವಣಿ ಮರಳುತ್ತದೆ. 992 ಎಂಬ ಅಂಕಿಗೂ ಆಧಾರವಿದೆ: ಜರ್ಮನಿ ತನ್ನದೇ ವಿದ್ಯಾರ್ಥಿಗಳಿಗೆ ‘ಬಾಫೊಗ್’ ಯೋಜನೆಯಡಿ ಕೊಡುವ ಗರಿಷ್ಠ ಮಾಸಿಕ ನೆರವು ಅಷ್ಟೇ. ಇಷ್ಟಿಲ್ಲದೆ ಇಲ್ಲಿ ಬದುಕಲಾಗದು ಎಂದು ತನ್ನ ಮಕ್ಕಳ ಬಗ್ಗೆ ಒಪ್ಪಿಕೊಂಡ ಮೊತ್ತವನ್ನೇ ಆ ದೇಶ ಹೊರಗಿನವರಿಗೂ ಅನ್ವಯಿಸಿದೆ. ಇದು ನ್ಯಾಯವಾದ ಅಳತೆ.

ಸುಮಾರು ಹನ್ನೆರಡು ಲಕ್ಷ ರೂಪಾಯಿಯನ್ನು ಒಂದೇ ಸಲ ಹೊಂದಿಸುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದ ಕಾರಣ ಅನೇಕ ಕುಟುಂಬಗಳಿಗೆ ದೊಡ್ಡ ಖರ್ಚೆಂದರೆ ಈ ಠೇವಣಿಯೇ. ಆದರೂ ಹಣ ಹೊಂದಿಸಲೇಬೇಕು ಎಂದಾದರೆ ಅದು ಮಗಳ ಅಡುಗೆಮನೆಗೆ ತಲುಪಲಿ, ಬಡ್ಡಿ ವ್ಯಾಪಾರಿಯ ಪೆಟ್ಟಿಗೆಗಲ್ಲ.

ಕೆನಡಾಕ್ಕೆ ಹೋಗುವವರು ಅಲ್ಲಿನ ಬ್ಯಾಂಕಿನಲ್ಲಿ ಇಡುವ ‘ಜಿಐಸಿ’ ಠೇವಣಿಯೂ ಕಂತುಗಳಲ್ಲಿ ವಿದ್ಯಾರ್ಥಿಗೆ ಮರಳುತ್ತದೆ. ಅಲ್ಲಿ ಎಡವಟ್ಟಾದದ್ದು ಅಂಕಿಯ ವಿಷಯದಲ್ಲಿ. ಸುಮಾರು ಎರಡು ದಶಕ 10,000 ಡಾಲರ್‌ನಲ್ಲೇ ನಿಂತಿದ್ದ ಮೊತ್ತವನ್ನು 2024ರ ಜನವರಿಯಲ್ಲಿ ಒಮ್ಮೆಗೇ 20,635ಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ 22,895ಕ್ಕೆ ಏರಿಸಿದರು. ಅಲ್ಲಿಯವರೆಗೆ ಬಾಡಿಗೆ ಏರುತ್ತಲೇ ಇತ್ತು. ನಿಯಮದಲ್ಲಿ ಹೇಳಿದಷ್ಟನ್ನು ಪ್ರಾಮಾಣಿಕವಾಗಿ ಕಟ್ಟಿ ಹೋದವರಿಗೂ ಅದು ಸಾಲದೇ ಹೋಯಿತು.

ಇನ್ನು ನಮ್ಮ ಕಡೆಯ ಸಂಗತಿ. ಹಾವೇರಿಯಲ್ಲೋ ಚಿತ್ರದುರ್ಗದಲ್ಲೋ ಎಂಟು ಎಕರೆ ಜಮೀನಿರುವ ಕುಟುಂಬವನ್ನು ಊರಿನವರು ಅನುಕೂಲಸ್ಥರೆಂದೇ ಎಣಿಸುತ್ತಾರೆ. ಬ್ಯಾಂಕಿನ ಲೆಕ್ಕ ಬೇರೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ 2002ರ ಸರ್ಫೇಸಿ ಕಾಯ್ದೆ, ತನ್ನ 31ನೇ ಸೆಕ್ಷನ್‌ನಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನಿಗಿರುವ ಈ ರಕ್ಷಣೆ ಉಳಿಯಲೇಬೇಕು. ಆದರೆ ಅದರಿಂದಾಗಿ ಪಹಣಿ ಹಿಡಿದು ಬಂದವರಿಗೆ ಬ್ಯಾಂಕಿನವರು ಸೈಟು ಇದೆಯೇ, ಪಟ್ಟಣದಲ್ಲಿ ಮನೆ ಇದೆಯೇ ಎಂದು ಕೇಳುತ್ತಾರೆ. ಹಳ್ಳಿಯ ಮನೆಗೆ ಇ-ಸ್ವತ್ತು ದಾಖಲೆ ಆಗಿರುವುದಿಲ್ಲ. ಬೆಂಗಳೂರಿನ ಅಂಚಿನಲ್ಲಿ ಕೊಂಡ ಸೈಟು ಬಿ ಖಾತಾದಲ್ಲಿರುತ್ತದೆ. ಆಸ್ತಿ ಇದ್ದೂ ಸಾಲ ಹುಟ್ಟುವುದಿಲ್ಲ. ಆಗ ಉಳಿಯುವ ದಾರಿ ಎರಡೇ: ಅಡವಿಲ್ಲದೆ ಹೆಚ್ಚಿನ ಬಡ್ಡಿಗೆ ಕೊಡುವ ಖಾಸಗಿ ಫೈನಾನ್ಸ್, ಇಲ್ಲವೇ ಒಂದೆರಡು ಎಕರೆ ಮಾರುವುದು.

ಸರ್ಕಾರ ಇಲ್ಲಿ ಮಾಡಬಹುದಾದದ್ದಿದೆ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅಡವಿಲ್ಲದ ಸಾಲ ಕೊಡುವುದು ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ನೆರವು ನೀಡುತ್ತಿದ್ದ ‘ಪಢೋ ಪರದೇಶ್’ 2022ರಲ್ಲಿ ನಿಂತೇ ಹೋಯಿತು. ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ‘ಪ್ರಬುದ್ಧ’ ಯೋಜನೆ ಇದೆ. ಇಂಥ ನೆರವು ಎಷ್ಟೇ ಉದಾರವಾಗಿರಲಿ, ವೀಸಾ ಅರ್ಜಿಯ ದಿನಾಂಕಕ್ಕೆ ಮೊದಲು ಕೈಸೇರದಿದ್ದರೆ ಆ ವರ್ಷದ ಸೀಟು ಹೋದಂತೆಯೇ. ಯಾವ ಯೋಜನೆಗೂ ಹೊಂದದ ಇಂಥ ರೈತ ಕುಟುಂಬಗಳ ಮಕ್ಕಳಿಗೆ, ಕನಿಷ್ಠ ಜರ್ಮನಿ, ಕೆನಡಾದಂಥ ಕಡೆ ಇಡಬೇಕಾದ ಠೇವಣಿಯ ಪಾಲಿನ ಸಾಲಕ್ಕಾದರೂ, ರಾಜ್ಯ ಸರ್ಕಾರ ಬ್ಯಾಂಕಿಗೆ ಖಾತರಿ ನಿಲ್ಲಬೇಕು. ವೀಸಾ ಸಿಗದಿದ್ದರೆ ವಾಪಸಾಗುವ, ಸಿಕ್ಕರೆ ತಿಂಗಳು ತಿಂಗಳು ಅಳೆದು ಕೊಡುವ ಈ ಹಣ ಬೇರೆಡೆಗೆ ಸೋರಿಹೋಗುವ ಭಯ ಕಡಿಮೆ.

ಹಣದ ಬಗ್ಗೆ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುವ ಮನೆಗಳಲ್ಲಿ ವಿಮೆಯ ಮಾತು ಬರುವುದು ಕೊನೆಗೆ, ಟಿಕೆಟ್ ಬುಕ್ ಮಾಡುವ ಹೊತ್ತಿಗೆ. ನನಗೆ ಹೆಚ್ಚು ಆತಂಕ ಇರುವುದು ಇದರ ಬಗ್ಗೆಯೇ.

ಬ್ರಿಟನ್ನಿನಲ್ಲಿ ವಿದ್ಯಾರ್ಥಿಯೊಬ್ಬರಿಗೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. 2024ರ ಫೆಬ್ರುವರಿಗೆ ಮೊದಲು 470 ಇತ್ತು. ವೀಸಾದ ಪೂರ್ತಿ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸಿಗುವ ವೀಸಾ ಸುಮಾರು 16 ತಿಂಗಳದ್ದು, ಹಾಗಾಗಿ 1,164 ಪೌಂಡ್. ಮೊತ್ತ ಭಾರವೇ. ಆದರೆ ಕಟ್ಟಿದ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಬಾಗಿಲು ಸ್ಥಳೀಯರಿಗೆ ತೆರೆದಂತೆಯೇ ತೆರೆಯುತ್ತದೆ. ಹಳೆಯ ಕಾಯಿಲೆ ಎಂಬ ತಕರಾರಿಲ್ಲ. ಆಸ್ಟ್ರೇಲಿಯಾದ ಕಡ್ಡಾಯ ವಿದ್ಯಾರ್ಥಿ ವಿಮೆಯಲ್ಲಿ ಮೊದಲೇ ಇದ್ದ ದೈಹಿಕ ಕಾಯಿಲೆಗಳಿಗೆ ಹನ್ನೆರಡು ತಿಂಗಳು ಕಾಯಬೇಕಾಗಬಹುದು.

ಜರ್ಮನಿಯಲ್ಲಿ 30 ವರ್ಷದೊಳಗಿನ ವಿದ್ಯಾರ್ಥಿಗೆ ಸಾರ್ವಜನಿಕ ವಿಮೆ ತಿಂಗಳಿಗೆ ಸುಮಾರು 140 ಯೂರೋಗೆ ಸಿಗುತ್ತದೆ. ಅದಕ್ಕಿಂತ ಅಗ್ಗದ ಖಾಸಗಿ ಪಾಲಿಸಿ ಕೊಳ್ಳಲು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬರೆದುಕೊಟ್ಟರೆ, ಓದು ಮುಗಿಯುವವರೆಗೆ ಮತ್ತೆ ಅದರೊಳಗೆ ಬರುವಂತಿಲ್ಲ. ಕೆಲವು ಯೂರೋ ಉಳಿಯುತ್ತದೆಂದು ಹಾಕಿದ ಒಂದು ಸಹಿಯ ಬೆಲೆ ದೊಡ್ಡ ಕಾಯಿಲೆ ಬಂದಾಗ ಗೊತ್ತಾಗುತ್ತದೆ. ಇದನ್ನು ಹೊರಡುವ ಮೊದಲೇ ಪ್ರತಿ ವಿದ್ಯಾರ್ಥಿಗೂ ಬಿಡಿಸಿ ಹೇಳುವುದು ಕನ್ಸಲ್ಟೆನ್ಸಿಗಳ ಹೊಣೆ.

ಎಲ್ಲಕ್ಕಿಂತ ದುಬಾರಿ ಚಿಕಿತ್ಸೆಯ ಅಮೆರಿಕದಲ್ಲೇ ನಿಯಮ ಅತಿ ಸಡಿಲ. ವಿನಿಮಯ ಕಾರ್ಯಕ್ರಮಗಳ ಜೆ-1 ವೀಸಾದಲ್ಲಿ ಹೋಗುವವರಿಗೆ ಪ್ರತಿ ಕಾಯಿಲೆಗೂ ಒಂದು ಲಕ್ಷ ಡಾಲರ್, ತೀರಿಕೊಂಡರೆ ದೇಹ ತಾಯ್ನಾಡಿಗೆ ತರಲು 25,000 ಡಾಲರ್ ವಿಮೆ ಕಡ್ಡಾಯ. ನಮ್ಮ ಬಹುಪಾಲು ಮಕ್ಕಳು ಹೋಗುವ ಎಫ್-1 ವೀಸಾಕ್ಕೆ ಅಂಥ ಕೇಂದ್ರ ನಿಯಮವೇ ಇಲ್ಲ. ಎಲ್ಲವನ್ನೂ ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟಿದೆ. 2024–25ರಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019. ಇವರಲ್ಲಿ ದೊಡ್ಡದೊಂದು ಪಾಲು ಓದು ಮುಗಿಸಿ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ ಕೆಲಸ ಮಾಡುವವರು ಅಥವಾ ಹುಡುಕುವವರು. ಕ್ಯಾಂಪಸ್ಸಿನ ವಿಮೆ ಪದವಿಯ ಜೊತೆಗೇ ಮುಗಿಯುವುದೇ ಹೆಚ್ಚು. ಕೈಯಲ್ಲಿ ಕೆಲಸವಿಲ್ಲ, ತಲೆಯ ಮೇಲೆ ಸಾಲವಿದೆ. ಆ ತಿಂಗಳುಗಳಲ್ಲಿ ಅನೇಕರು ಮೊದಲು ಕೈಬಿಡುವುದು ಪ್ರೀಮಿಯಂ. ಅಪಘಾತವಾದಾಗ ಗೆಳೆಯರು, ಕನ್ನಡ ಸಂಘದವರು ಆನ್‌ಲೈನ್‌ನಲ್ಲಿ ಹಣ ಕೂಡಿಸುತ್ತಾರೆ. ರಾಯಭಾರ ಕಚೇರಿಗಳ ಬಳಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಅದು ಆರ್ಥಿಕ ಸ್ಥಿತಿ ನೋಡಿ ಕೊಡುವ ನೆರವು, ವಿಮೆಯಂತೆ ಹಕ್ಕಲ್ಲ.

ಕೊಲ್ಲಿ ಮುಂತಾದ ದೇಶಗಳಿಗೆ ಎಮಿಗ್ರೇಷನ್ ಪರವಾನಗಿ ಪಡೆದು ಹೋಗುವ ಕಾರ್ಮಿಕರಿಗೆ ಭಾರತ ಸರ್ಕಾರವೇ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಕಡ್ಡಾಯ ಮಾಡಿದೆ. ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಪರಿಹಾರ. ಇದೇ ಮಾದರಿಯ, ಚಿಕಿತ್ಸೆಯನ್ನೂ ದೇಹ ತರಿಸುವ ಖರ್ಚನ್ನೂ ಒಳಗೊಂಡ ಗುಂಪು ವಿಮೆಯನ್ನು ವಿದ್ಯಾರ್ಥಿಗಳಿಗೆ ರೂಪಿಸಲು ಅಡ್ಡಿಯೇನಿದೆ? ಕಾರ್ಮಿಕರಿಗಿರುವಂತೆ ಪರವಾನಗಿಯ ಘಟ್ಟ ವಿದ್ಯಾರ್ಥಿಗಳಿಗಿಲ್ಲ, ನಿಜ. ಆದರೆ ವಿದೇಶಿ ವಿಶ್ವವಿದ್ಯಾಲಯಕ್ಕೆ ಹಣ ಕಳಿಸುವಾಗ ಬ್ಯಾಂಕುಗಳು ಅದನ್ನು ಶಿಕ್ಷಣಕ್ಕೆಂದು ಪ್ರತ್ಯೇಕವಾಗಿ ದಾಖಲಿಸಿಕೊಳ್ಳುತ್ತವೆ, ಮಿತಿ ದಾಟಿದರೆ ಟಿಸಿಎಸ್ ತೆರಿಗೆಯನ್ನೂ ಹಿಡಿಯುತ್ತವೆ. ಆ ಕೌಂಟರಿನಲ್ಲೇ, ಓದಿನ ಅವಧಿಯ ಜೊತೆಗೆ ಕೆಲಸ ಹುಡುಕುವ ವರ್ಷವನ್ನೂ ಸೇರಿಸಿ, ಪ್ರೀಮಿಯಂ ಕಟ್ಟಿಸಿಕೊಳ್ಳಬಹುದು. ವಿದೇಶಾಂಗ ಮತ್ತು ಹಣಕಾಸು ಸಚಿವಾಲಯಗಳು ಒಟ್ಟಿಗೆ ಕೂತು ಇದನ್ನು ಮುಂದಿನ ಪ್ರವೇಶದ ಋತುವಿಗೆ ಮೊದಲು ಜಾರಿಗೆ ತರಬೇಕು.